ಮಗಳ ಓಣಿ ನಿಶಿ-ಕಸಾಯಿ

ಊರಿಂದ ಬಂದು ಇಷ್ಟು ದಿನ ಆದ್ರೂ ನಮ್ಮ ಓಣಿ ಹೆಣ್ಮಕ್ಕಳು ಕೇಳೋದು ಬಿಟ್ಟಿಲ್ಲ. "ಟೋಕಿಯೋ ಹೆಂಗೈತ್ರೀ ಅಕ್ಕಾ?" ಟೋಕಿಯೋ ನಾ ಎಲ್ಲಿ ಕಂಡೀನಿ! ಎರಡೂವರಿ ತಿಂಗಳು ಬಾಣಂತನ ಮಾಡಿ ಬಂದದ್ದು ಎದೊಗಾವಾ ಅಂಬೋ ಒಂದು ವಾರ್ಡಿನಾಗ, ಅದರೊಳಗ ನಿಶಿ-ಕಸಾಯಿ ಸ್ಟೇಷನ್ ಸುತ್ತಲಿನ ಓಣ್ಯಾಗ. ಅದನ್ನಷ್ಟ ಹೇಳತೀನಿ.

ವಾರ್ಡ್ ಅಂದ ಕೂಡಲೆ ನಮ್ಮ ನಗರಸಭೆ ವಾರ್ಡ್ ಅನ್ಕೋಬ್ಯಾಡ್ರಿ. ಟೋಕಿಯೋದಾಗ ಇಂಥವು 23 ಅದಾವ, ಒಂದೊಂದಕ್ಕೂ ಮಂದಿ ಆರಿಸಿದ ಮೇಯರ್ರು, ಕೌನ್ಸಿಲ್ಲು ಬ್ಯಾರೆ. ಎದೊಗಾವಾ ಒಂದರಾಗ ಸುಮಾರು 7 ಲಕ್ಷ ಮಂದಿ, ಅಂದ್ರ ಮೂರು ಹೊಸಪೇಟೆ. 2019ರಾಗ ಆ ಕೌನ್ಸಿಲ್ಲಿಗೆ ನಮ್ಮ ದೇಶದಾಗ ಹುಟ್ಟಿದ ಪುರಾಣಿಕ ಯೋಗೇಂದ್ರ ಅಂಬೋರು ಆರಿಸಿ ಬಂದಿದ್ರಂತ. ಅಷ್ಟು ನಮ್ಮೋರು ಅಲ್ಲೆ ತುಂಬ್ಯಾರ.

ಯಾಕ ತುಂಬ್ಯಾರ ಅಂತ ಅಳಿಯ ಹೇಳಿದ. 2000ನೇ ಇಸ್ವಿ ಬಂದಾಗ ಕಂಪ್ಯೂಟರ್‌ನಾಗ ವರ್ಷದ ಲೆಕ್ಕ ತಪ್ಪತೈತಿ ಅಂತ ಜಗತ್ತೆಲ್ಲಾ ಹೆದರಿತ್ತಲ್ಲ, ಅದನ್ನ ರಿಪೇರಿ ಮಾಡಾಕ ನಮ್ಮ ಹುಡುಗ್ರನ್ನ ಕರಸ್ಕೊಂಡ್ರಂತ. ಬ್ಯಾಂಕಿನ ದೊಡ್ಡ ಆಫೀಸೆಲ್ಲಾ ಓತೆಮಾಚಿ ಕಡೆ. ನಿಶಿ-ಕಸಾಯಿಯಿಂದ ಟೋಜಾಯ್ ಲೈನ್ ಹತ್ತಿದ್ರ ಬದಲಿ ಗಾಡಿ ಇಲ್ದ ಸೀದಾ ಹದಿನೈದು ನಿಮಿಷ. ಇನ್ನೊಂದು ಕಾರಣ ಬಾಡಿಗಿ ಮನಿ. ಬ್ಯಾರೆ ಕಡೆ ಪರದೇಶದವರಿಗೆ ಮನಿ ಕೊಡಾಕ ಜಾಮೀನು ಕೇಳ್ತಾರ, ಮ್ಯಾಲ ಮಾಲಕಗ ಕಾಣಿಕಿ ಬ್ಯಾರೆ. ಇಲ್ಲೆ ಸರ್ಕಾರಿ ನಮೂನಿ ದೊಡ್ಡ ವಸತಿ ಕಟ್ಟಡ ಅದಾವ, ಅಲ್ಲಿ ಜಾಮೀನೂ ಬ್ಯಾಡ, ಕಾಣಿಕಿನೂ ಬ್ಯಾಡ. ಅವರಿಗಿಂತ ಮೊದಲ 1978ರಾಗ ಜಗಮೋಹನ ಚಂದ್ರಾಣಿ ಅಂತ ಚಹಾ ವ್ಯಾಪಾರದವರು ಜಪಾನಿಗೆ ಬಂದು ಈ ಕಡೆ ನೆಲಿಸಿದ್ರು. ಹೊಸದಾಗಿ ಬಂದ ಹುಡುಗ್ರಿಗೆ ಮನಿ ಹುಡುಕಿಕೊಡೋದು, ಊಟದ ವ್ಯವಸ್ಥೆ ಎಲ್ಲಾ ಅವರ ಮಾಡಿದ್ರಂತ. ಒಬ್ಬರು ಕುಂತಲ್ಲೆ ಹತ್ತು ಮಂದಿ ಕುಂದ್ರತಾರ, ನಮ್ಮ ಪಟೇಲ್ ನಗರ ಬೆಳದಂಗ.

ಬಾಣಂತನದ ಮಾತು. ಜ್ವಾಳದ ಹಿಟ್ಟು ಇಂಡಿಯನ್ ಅಂಗಡ್ಯಾಗ ಸಿಗತೈತಿ, ಆದ್ರ ಜಿಗಿ ಇರಂಗಿಲ್ಲ, ಹಳೇ ಹಿಟ್ಟು. ಎಸರು ಕಾಯಿಸಿ ಹಾಕಿ ಚೊಲೊ ನಾದಿದ್ರ ರೊಟ್ಟಿ ಏಳತಾವ. ಬಡಿಯೋ ಸಪ್ಪಳ ಕೆಳಗಿನ ಮನಿಗೆ ಕೇಳಬಾರದಂತ ಕಲ್ಲಿನ ಬುಡಕ್ಕ ಎರಡು ಟವೆಲ್ ಮಡಚಿ ಹಾಕ್ತಿದ್ದೆ. ಸಬ್ಬಸಗಿ ಬೇಕಂದ್ರ ಚೂರು ಚೂರು ಪೊಟ್ಟಣದಾಗ, ಬಂಗಾರದ ರೇಟು. ಆದ್ರ ಕೊಮಾತ್ಸುನಾ ಅಂತ ಒಂದು ಪಲ್ಯ ಐತಿ, ಅದರ ಹೆಸರು ಬಂದದ್ದ ಎದೊಗಾವಾದ ಕೊಮಾತ್ಸುಗಾವಾ ಅಂಬೋ ಊರಿಂದ. ತೊಗರಿಬ್ಯಾಳಿ, ಬಳ್ಳೊಳ್ಳಿ ಹಾಕಿ ಮಾಡಿದ್ರ ಬಾಣಂತಿ ಎರಡು ರೊಟ್ಟಿ ಜಾಸ್ತಿ ತಿಂದ್ಲು. ಲೋಬಾನದ ಹೊಗಿ ಮಾತ್ರ ಹಾಕಾಕ ಆಗಲಿಲ್ಲ, ಮ್ಯಾಲ ಹೊಗಿ ಕಂಡ್ರ ಒದರೋ ಯಂತ್ರ ಐತಿ.

ಪಕ್ಕದ ಮನಿ ಅಜ್ಜಿ ನನ್ನ ನೋಡಿ ಭಾಳ ಖುಷಿಪಟ್ಲು. ಅವರಾಗೂ ಮಗಳು ಹೆರಿಗಿಗೆ ತವರಿಗೆ ಹೋಗೋ ಪದ್ಧತಿ ಐತ್ರಿ, ಸಾತೊಗಾಯೆರಿ ಅಂತಾರ. ಇಲ್ಲೆ ತವರ ಮಗಳ ಮನಿಗೆ ಬಂದೈತಿ ಅಂತ ನಕ್ಕಳು. ಬಸುರಿ ಅಂತ ಗೊತ್ತಾದ ಕೂಡಲೆ ವಾರ್ಡ್ ಕಡಿಂದ ತಾಯಿ-ಮಗುವಿನ ಪುಸ್ತಕ ಕೊಡ್ತಾರ, ಬೋಶಿ ತೆಚೋ ಅಂತ. 1948ರಿಂದ ನಡದು ಬಂದದ್ದು. ತೂಕ, ಚುಚ್ಚುಮದ್ದು, ತಾಯಿ ಆರೋಗ್ಯ, ಎಲ್ಲಾ ಅದರಾಗ. ನಮ್ಮಲ್ಲಿ ತಾಯಿ ಕಾರ್ಡ್ ಇದ್ದಂಗ ಅನ್ರಿ, ಆದ್ರ ಅಲ್ಲಿ ಅದನ್ನ ಮಗ ದೊಡ್ಡಾಂವ ಆದ ಮ್ಯಾಲೂ ಜ್ವಾಪಾನ ಮಾಡಿ ಇಡ್ತಾರ.

ನಾ ಹೇಳಬೇಕಂತ ಕುಂತದ್ದು ಬ್ಯಾರೆ ಪುಸ್ತಕದ ವಿಷಯ.

2024ರ ಆಗಸ್ಟ್ 10ರ ರಾತ್ರಿ ನಿಮಗೆಲ್ಲಾ ನೆನಪೈತಿ. ನಮ್ಮ ಡ್ಯಾಮಿನ 33 ಗೇಟಿನಾಗ 19ನೇದರ ಚೈನು ಕಡಿದು ಗೇಟು ಕೊಚ್ಚಿಕೊಂಡು ಹೋತು. ಮಗಳಿಗೆ ಆಗ ಏಳು ತಿಂಗಳು. ಅಲ್ಲಿಂದ ಫೋನು, "ಅವ್ವಾ, ಸಾಮಾನು ಕಟ್ರಿ, ಎಲ್ಲರ ಎತ್ತರಕ್ಕ ಹೋಗ್ರಿ" ಅಂತ ಅಳು. "ಹೊಳಿ ದಂಡಿ ಮಂದಿಗೆ ಹೇಳ್ಯಾರ, ಕಂಪ್ಲಿ ಕಡೆ ಹೇಳ್ಯಾರ, ಹಂಪ್ಯಾಗ ಪುರಂದರ ಮಂಟಪ ಮುಳುಗೋದು ಹೊಸದೇನು? ನಮಗೇನಾಗಂಗಿಲ್ಲ" ಅಂತ ಸಮಾಧಾನ ಮಾಡಿದೆ. ವಾರದೊಳಗ ಕನ್ನಯ್ಯ ನಾಯ್ಡು ಅವರು ನಿಂತು ಹರಿಯೋ ನೀರಿನಾಗನ ಸ್ಟಾಪ್‌ಲಾಗ್ ಇಳಿಸಿದ್ರು. ಊರು ಉಸಿರು ಬಿಟ್ಟಿತು.

ಅಕ್ಟೋಬರಿನಾಗ ಕೂಸು ಹುಟ್ಟಿ ಹತ್ತು ದಿನ ಆಗಿತ್ತು. ಹೊರಗ ಜಡಿಮಳಿ. ಫ್ರಿಜ್ಜಿನ ಮ್ಯಾಲ ಒಂದು ಬಣ್ಣದ ಪುಸ್ತಕ ಇತ್ತು, ನಕ್ಷೆ ಇತ್ತು, ಏನವ್ವಾ ಇದು ಅಂದೆ. ವಾರ್ಡಿನವರು 2019ರಾಗ ಮನಿಮನಿಗೆ ಹಂಚಿದ ಪ್ರವಾಹದ ಪುಸ್ತಕ ಅಂತ. ರಕ್ಷಾಪುಟದ ಮ್ಯಾಲ ವಾರ್ಡಿನ ನಕ್ಷೆ, ಅದರ ಮ್ಯಾಲ ಇಲ್ಲಿ ಇರಬ್ಯಾಡ್ರಿ ಅಂತ ಬರದಾರ. ತಮ್ಮ ಮಂದಿಗೆ ತಾವ ಹಿಂಗ ಹೇಳೋ ಧೈರ್ಯ ನೋಡ್ರಿ! ವಾರ್ಡಿನ ನೂರಕ್ಕ 70 ಪಾಲು ನೆಲ ಸಮುದ್ರ ಉಬ್ಬರ ಬಂದಾಗಿನ ನೀರಿನ ಮಟ್ಟಕ್ಕಿಂತ ಕೆಳಗೈತಿ. ಕಾರ್ಖಾನಿಯವರು ಬೋರಿನ ನೀರು ಹೀರಿ ಹೀರಿ ನೆಲ ಕುಸದದ್ದು. ಒಂದು ಕಡೆ ಅರಕಾವಾ, ಒಂದು ಕಡೆ ಎದೊ ಹೊಳಿ, ತೆಂಕಣಕ್ಕ ಸಮುದ್ರ. ಅರಕಾವಾ ಅಂದ್ರೂ ಹುಟ್ಟು ಹೊಳಿ ಅಲ್ಲ, 1910ರ ಮಹಾಪೂರ ಆದ ಮ್ಯಾಲ ಅಗದು 1930ಕ್ಕ ಮುಗಿಸಿದ ಕಾಲುವಿ. ಕಟ್ಟಿ ಒಡದ್ರ ನೀರು ಒಂದೆರಡು ವಾರ ಅಥವಾ ಅದಕ್ಕಿಂತ ಜಾಸ್ತಿ ದಿನ ಇಳಿಯಂಗಿಲ್ಲ ಅಂತ ಅದರಾಗ ಬರದೈತಿ.

ನಾ ಡ್ಯಾಮಿನ ಕೆಳಗ ಹುಟ್ಟಿ ಬೆಳದಾಕಿ. ನಮ್ಮತ್ತಿ ತವರು ನಾರಾಯಣದೇವರಕೆರೆ, ಊರಿಗೆ ಊರ ನೀರಾಗ ಹೋಗಿ ಮರಿಯಮ್ಮನಹಳ್ಳಿಗೆ ಬಂದ್ರು. ನೀರು ಬರತೈತಿ ಅಂದ್ರ ಮಂದಿ ಮೊದಲು ನಂಬಂಗಿಲ್ಲ ಅಂತ ಅವರು ಹೇಳ್ತಿದ್ರು. ಬಾಗಿಲ ಚೌಕಟ್ಟು ಬಿಚ್ಚಿಕೊಂಡು ಬರಾಕೂ ಟೈಮು ಇಟ್ಕೊಳ್ಳಲಿಲ್ಲಂತ ಎಷ್ಟೋ ಮಂದಿ.

ಈಗ ಅಳಿಯನ ಬಾಯಾಗ ನನ್ನ ಮಾತ ಬಂತು. "ನಮಗೇನಾಗಂಗಿಲ್ರೀ ಅತ್ತೆ, ನಾವು ಎಂಟನೇ ಮಾಳಿಗ್ಯಾಗ ಇದ್ದೀವಿ." ಎಂಟನೇ ಮಾಳಿಗಿಗೆ ನೀರು ಬರಂಗಿಲ್ಲ, ಖರೆ. ಆದ್ರ ಎರಡು ವಾರ ಕರೆಂಟಿಲ್ಲ, ನಳಾ ಇಲ್ಲ, ಸಂಡಾಸದಾಗ ನೀರಿಲ್ಲ, ಲಿಫ್ಟಿಲ್ಲ, ಹತ್ತು ದಿನದ ಕೂಸು, ಹೊಲಿಗಿ ಮಾಗದ ಬಾಣಂತಿ. ಎಲ್ಲಿಂದ ಬಿಸಿನೀರು ತರತೀಯಪಾ ಅಂದೆ. ಸುಮ್ಮನಾದ. ಮಗಳು ಪುಸ್ತಕ ಓದಿ ಹೇಳಿದ್ಲು: ದೊಡ್ಡ ಚಂಡಮಾರುತ ಬರೋದು ಮೊದಲ ಗೊತ್ತಾಗತೈತಿ, ಒಂದೆರಡು ದಿನ ಮೊದಲ ವಾರ್ಡ್ ಬಿಟ್ಟು ಎತ್ತರದ ಊರಿಗೆ ಹೋಗ್ರಿ, ನೆಂಟರ ಮನಿಗರ ಹೋಗ್ರಿ, ಹೋಟೆಲ್ಲಿಗರ ಹೋಗ್ರಿ ಅಂತ. 2019ರ ಅಕ್ಟೋಬರ್ 12ಕ್ಕ ಹಗಿಬಿಸ್ ಚಂಡಮಾರುತ ಬಂದಾಗ ವಾರ್ಡಿನವರು ಮಂದಿನ್ನ ಎಬ್ಬಿಸಿದ್ರು, ಸಾವಿರಗಟ್ಟಲೆ ಮಂದಿ ಶಾಲಿಗಳಾಗ ಹೋಗಿ ಮಲಗಿದ್ರು. ಅಲ್ಲಿ ಕಟ್ಟಿ ಒಡೀಲಿಲ್ಲ. ಪಕ್ಕದ ಮನಿ ಅಜ್ಜಿನೂ ಹೋಗಿದ್ಲಂತ. ಒಡೀಲಿಲ್ಲ ಅಂತ ಅಕಿ ಬ್ಯಾಸರ ಮಾಡ್ಕೊಂಡಿಲ್ಲ, ಮುಂದಿನ ಸಲಾನೂ ಹೋಗ್ತೀನಿ ಅಂದ್ಲು. ಆ ಮಾತು ಅಳಿಯಗ ಮಗಳ ಕೈಲಿ ಎರಡು ಸಲ ಹೇಳಿಸಿದೆ.

ದೀಪಾವಳಿ ದಿನ ಅವನ ಆಫೀಸಿನ ಹುಡುಗ ಹೆಂಡ್ತಿ ಮಕ್ಕಳು ಕರಕೊಂಡು ಊಟಕ್ಕ ಬಂದಿದ್ದ. ಹೋಳಿಗಿ ಬಡಸ್ತಾ ಬಡಸ್ತಾ, ನಿಮ್ಮ ಊರು ಎತ್ತರ ಐತೇನಪಾ ಅಂತ ಕೇಳಿದೆ. ಸೈತಾಮಾ ಕಡೆ, ದಿಬ್ಬದ ಮ್ಯಾಲ ಅಂದ. ಸೀದಾ ಕೇಳಿಬಿಟ್ಟೆ: ವಾರ್ಡಿನವರು ಹೋಗ್ರಿ ಅಂದ್ರ ಇವರು ಮೂರು ಮಂದಿ ನಿಮ್ಮ ಮನಿಗೆ ಬರತಾರ, ಜಾಗ ಆಗತೈತೇನು? ಅಳಿಯಗ ಮಖಾ ಕೆಂಪಾತು. ಆ ಹುಡುಗನ ಹೆಂಡ್ತಿ ಮಾತ್ರ, "ಬರ್ಲಿ ಬಿಡ್ರಿ ಅಮ್ಮಾ, ಹಾಸಿಗಿ ಅದಾವ" ಅಂದ್ಲು. ಕಂಪ್ಲಿ ಕಡೆ ಹುಡುಗಿ ಏನೂ ಅಲ್ಲ, ತುಮಕೂರಿನಾಕಿ, ಆದ್ರ ತಿಳಿವಳಿಕಿ ನೋಡ್ರಿ.

ಬರೋಕಿಂತ ಮೊದಲು ಬಾಗಿಲ ಹಿಂದ ಒಂದು ಬೆನ್ನಚೀಲ ಇಡಸಿ ಬಂದೀನಿ. ಪಾಸ್‌ಪೋರ್ಟಿನ ಝೆರಾಕ್ಸು, ಬೋಶಿ ತೆಚೋ, ಹಾಲಿನ ಪುಡಿ, ಡೈಪರ್, ಬ್ಯಾಟರಿ, ಅವಲಕ್ಕಿ ಚೂಡಾ. ಈ ವರ್ಷ ಜೂನ್ ಬಂದ ಕೂಡಲೆ ಫೋನ್ ಹಚ್ಚಿ ಚೀಲ ತಗದು ನೋಡು ಅಂದೆ. ಡೈಪರ್ ಎಲ್ಲಾ ಹುಟ್ಟಿದ ಕೂಸಿನ ಸೈಜು, ಈಗ ಅಕಿ ನಿಂತು ಹೆಜ್ಜಿ ಹಾಕಾಕ ನೋಡ್ತಾಳ. ಚೂಡಾ ಮುಗ್ಗಲು ಹಿಡಿದಿತ್ತು. ಎಲ್ಲಾ ಬದಲಿ ಮಾಡಿ ಅಳಿಯ ಫೋಟೋ ಕಳಿಸ್ಯಾನ, ಚೀಲದ ಪಕ್ಕ ಕೂಸು ಕುಂತೈತಿ.