ವಿಲೋಮಪ್ರಶ್ನೆ

ಕಲನಶಾಸ್ತ್ರವು ಸಂಸಾರಕ್ಕೆ ಹೊರಗಾದ ವಿದ್ಯೆಯೆಂದು ಭಾವಿಸುವವರು ಸುಶಿಕ್ಷಿತರಲ್ಲಿಯೂ ಅನೇಕರಿರುವರು. ಅದರಲ್ಲಿ ನನಗೆ ಆಸಕ್ತಿ ಹುಟ್ಟಿಸಿದುದು ನಮ್ಮ ಮನೆಯದೇ ಆದ ಒಂದು ಸಾಲಪತ್ರವು.

ನಮ್ಮ ಅಜ್ಜನವರು ಮಗಳ ಮದುವೆಗೆಂದು ನೂರು ರೂಪಾಯಿಗಳನ್ನು ವರ್ಷಕ್ಕೆ ನೂರಕ್ಕೆ ೧೨ರ ಚಕ್ರಬಡ್ಡಿಗೆ ತಂದಿದ್ದರು. ಸರಳಬಡ್ಡಿಯಾಗಿದ್ದರೆ ೨೪ ವರ್ಷಕ್ಕೆ ೩೮೮ ರೂಪಾಯಿಗಳಾಗುತ್ತಿದ್ದುವು, ಚಕ್ರಬಡ್ಡಿಯಿಂದ ೧,೫೧೮ರಷ್ಟಾದುವು. ಕೆರೆಯ ಕೆಳಗಿನ ಗದ್ದೆಯು ಕೈಬಿಟ್ಟಿತು. ಅಜ್ಜನವರು ಲೆಕ್ಕವರಿಯದವರಲ್ಲ. 'ಇಷ್ಟು ವರ್ಷಕ್ಕೆ ಎಷ್ಟು?' ಎಂಬುದನ್ನು ಬಲ್ಲವರೇ. 'ಎಷ್ಟು ವರ್ಷಕ್ಕೆ ಇಮ್ಮಡಿ?' ಎಂದು ಕೇಳುವುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

೧೬೮೩ರಲ್ಲಿ ಸ್ವಿಟ್ಜರ್ಲೆಂಡಿನ ಜೇಕಬ್ ಬರ್ನೂಲಿಯು ಚಕ್ರಬಡ್ಡಿಯನ್ನೇ ವಿಚಾರಿಸಿದನು. ಒಂದು ರೂಪಾಯಿಗೆ ವರ್ಷಕ್ಕೆ ಒಂದು ರೂಪಾಯಿ ಬಡ್ಡಿಯೆಂದರೆ ವರ್ಷಾಂತ್ಯಕ್ಕೆ ಎರಡು. ಆರು ತಿಂಗಳಿಗೊಮ್ಮೆ ಅಸಲಿಗೆ ಸೇರಿಸಿದರೆ ೨.೨೫, ತಿಂಗಳಿಗೊಮ್ಮೆಯಾದರೆ ೨.೬೧, ಕ್ಷಣಕ್ಷಣಕ್ಕೂ ಸೇರಿಸಿದರೂ ಅದು ೨.೭೧೮ರ ಬಳಿ ನಿಲ್ಲುವುದು. ಈ ಸಂಖ್ಯೆಯ ಘಾತಗಳ ವೃದ್ಧಿಯ ವೇಗವು ಆಯಾ ಘಾತದ ಬೆಲೆಗೇ ಸಮನು. ಸಾಲದ ಸ್ವಭಾವವೂ ಅದೇ ಅಲ್ಲವೆ?

ಅದರ ವಿಲೋಮವೇ ಲಘುಗಣಕ. ಇದರ ವೇಗವು, ಒಂದನ್ನು ಆ ಸಂಖ್ಯೆಯಿಂದ ಭಾಗಿಸಿದಷ್ಟೇ. ಎರಡರ ಲಘುಗಣಕವು ೦.೬೯೩. ಅದನ್ನು ೦.೧೨ರಿಂದ ಭಾಗಿಸಿದರೆ ಸುಮಾರು ೫.೮ ವರ್ಷ, ವರ್ಷಕ್ಕೊಮ್ಮೆ ಸೇರಿಸುವ ಬಡ್ಡಿಗಾದರೆ ಆರಕ್ಕಿಂತ ತುಸು ಹೆಚ್ಚು. ಇಪ್ಪತ್ತನಾಲ್ಕು ವರ್ಷಗಳಲ್ಲಿ ಸಾಲವು ಹೆಚ್ಚುಕಡಮೆ ನಾಲ್ಕಾವೃತ್ತಿ ಇಮ್ಮಡಿಸಿತ್ತೆಂಬುದು ಈ ಒಂದೇ ಭಾಗಾಕಾರದಿಂದ ತಿಳಿಯುವುದು.

ಕೋನಗಳಲ್ಲಿಯೂ ಹೀಗೆಯೇ. ಕೋನದಿಂದ ಸ್ಪರ್ಶಜ್ಯೆಯನ್ನು ಕಾಣದೆ, ಸ್ಪರ್ಶಜ್ಯೆಯಿಂದ ಕೋನವನ್ನು ಕೇಳಿದರೆ, ಆ ಕೋನದ ವೃದ್ಧಿಯ ವೇಗದಲ್ಲಿ ಕೋನದ ಸುಳಿವೇ ಇರದು. ಸ್ಪರ್ಶಜ್ಯೆಯ ವರ್ಗಕ್ಕೆ ಒಂದನ್ನು ಕೂಡಿಸಿ, ಅದರಿಂದ ಒಂದನ್ನು ಭಾಗಿಸಿದರಾಯಿತು. ಆ ಭಾಗಾಕಾರವನ್ನು ಶ್ರೇಢಿಯಾಗಿ ಹರಡಿ ಸಂಕಲಿಸಿ, ಸ್ಪರ್ಶಜ್ಯೆಯನ್ನು ಒಂದೆಂದು ಹಿಡಿದರೆ, ಒಂದರಿಂದ ಮೂರನೆಯ ಒಂದು ಪಾಲನ್ನು ಕಳೆ, ಐದನೆಯ ಒಂದು ಪಾಲನ್ನು ಕೂಡು, ಏಳನೆಯ ಒಂದು ಪಾಲನ್ನು ಕಳೆ ಎಂದು ಕೊನೆಯಿಲ್ಲದೆ ಸಾಗಿ, ಪರಿಧಿ-ವ್ಯಾಸಗಳ ಪ್ರಮಾಣದ ಕಾಲು ಭಾಗವು ದೊರೆಯುವುದು. ೧೪ನೆಯ ಶತಮಾನದಲ್ಲಿ ಹುಟ್ಟಿದ ಕೇರಳದ ಮಾಧವನ ಪರಂಪರೆಯವರು ಈ ಶ್ರೇಢಿಯನ್ನು ಯೂರೋಪಿನವರಿಗಿಂತ ಮೊದಲೇ ಅರಿತಿದ್ದರು. ಜ್ಯೇಷ್ಠದೇವನು ೧೫೩೦ರ ಸುಮಾರಿನಲ್ಲಿ ಅದರ ಉಪಪತ್ತಿಯನ್ನು 'ಯುಕ್ತಿಭಾಷಾ' ಗ್ರಂಥದಲ್ಲಿ ಬರೆದಿಟ್ಟನು. ಅದೂ ಸಂಸ್ಕೃತದಲ್ಲಲ್ಲ, ತನ್ನ ಜನರ ಮಲೆಯಾಳದಲ್ಲಿ.

ಸೂತ್ರವು ಪಂಡಿತರಲ್ಲಿ ಉಳಿದೀತು. ಯುಕ್ತಿಯು ಮಾತ್ರ ಮನೆಮಾತಿನಲ್ಲಿ ಬರೆದಲ್ಲದೆ ಮನೆಗಳನ್ನು ಸೇರದು. ಕನ್ನಡದ ಮಕ್ಕಳಿಗೆ ಮಗ್ಗಿಯೊಡನೆ ವಿಲೋಮಪ್ರಶ್ನೆಯನ್ನೂ ಕನ್ನಡದಲ್ಲಿಯೇ ಕಲಿಸುವ ಹೊಣೆಯು ನಮ್ಮದು.