ಹಳೆಯ ಮಸೂರ, ಹೊಸ ಕ್ಯಾಮರಾ

ನಮ್ಮ ಸಮಾಜದ ಹಳೆಯ ಮನೆತನಗಳಲ್ಲಿ, ಪೂಜಾಗೃಹದ ಜಗುಲಿಯ ಮೇಲೋ ಅಟ್ಟದ ಪೆಟ್ಟಿಗೆಯೊಳಗೋ, ಕೆಂಪು ವಸ್ತ್ರದಲ್ಲಿ ಸುತ್ತಿಟ್ಟ ತಾಡೋಲೆಯ ಕಟ್ಟೊಂದು ಇಂದಿಗೂ ದೊರೆಯುವುದುಂಟು. ವಿಭೂತಿ ಹಚ್ಚಿ, ಪತ್ರೆ ಪುಷ್ಪಗಳನ್ನೇರಿಸಿ ಅದನ್ನು ಪೂಜಿಸುತ್ತಾರೆ. ಬಿಚ್ಚಿ ಓದುವವರು ಮಾತ್ರ ಮನೆಯಲ್ಲಿ ಇಲ್ಲವಾಗಿ ಎರಡು ಮೂರು ತಲೆಮಾರುಗಳೇ ಸಂದಿರುತ್ತವೆ. ಪೂಜ್ಯ ಫ. ಗು. ಹಳಕಟ್ಟಿಯವರು ಇಂಥ ಕಟ್ಟುಗಳನ್ನೇ ಹುಡುಕಿ, ಪ್ರತಿಮಾಡಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದುದು ಶರಣಬಂಧುಗಳಿಗೆಲ್ಲ ತಿಳಿದ ಸಂಗತಿ. ಈಗ ಉಳಿದಿರುವ ಕಟ್ಟುಗಳೆಲ್ಲವೂ ವಚನಗಳೇ ಆಗಿರುವುದಿಲ್ಲ. ಪುರಾಣಗಳುಂಟು, ಶತಕಗಳುಂಟು, ಗಿಡಮೂಲಿಕೆಯ ವೈದ್ಯವುಂಟು, ಕೆಲವೊಮ್ಮೆ ಬರಿಯ ಲೇವಾದೇವಿಯ ಲೆಕ್ಕವೂ ಉಂಟು. ಆದರೆ ಆಯಾ ಮನೆತನಕ್ಕೆ ಅದು ಹಿರಿಯರ ಕೈಬರಹ. ಗರಿ ಪುಡಿಯಾದರೆ ಮತ್ತೆ ಬರುವುದಲ್ಲ.

ಇಂಥ ಗರಿಗಳ ಛಾಯಾಚಿತ್ರ ತೆಗೆದು ಮನೆಯವರಿಗೂ ಓದಬಲ್ಲವರಿಗೂ ಒಂದೊಂದು ಪ್ರತಿ ಒಪ್ಪಿಸುವ ಕೆಲಸವನ್ನು ಕೆಲವು ವರ್ಷಗಳಿಂದ ಕೈಲಾದಷ್ಟು ಮಾಡುತ್ತ ಬಂದಿದ್ದೇನೆ. ಕಟ್ಟನ್ನು ಮನೆಯಿಂದ ಹೊರಗೆ ಕಳುಹಿಸಲು ಯಾರೂ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ನಾವೇ ಹೋಗಬೇಕು. ಬಾಗಿಲಿನಿಂದಲೋ ಗವಾಕ್ಷಿಯಿಂದಲೋ ಬರುವ ಬೆಳಕಿನಲ್ಲಿ, ಅವರು ಕೊಟ್ಟ ಅರ್ಧ ದಿನದಲ್ಲಿ ಮುಗಿಸಬೇಕು. ಇದಕ್ಕೆ ನನ್ನ ಬಳಿ ಇದ್ದುದು ನಿಕಾನ್ ಕಂಪನಿಯ ಡಿ90 ಎಂಬ ಕನ್ನಡಿ ಕ್ಯಾಮರಾ, ಅದರೊಡನೆ ಬಂದ 18-105 ಮಿಲಿಮೀಟರಿನ ಜೂಮ್ ಮಸೂರ ಮತ್ತು 50 ಮಿಲಿಮೀಟರಿನ ಎಫ್/1.8 ಡಿ ಮಸೂರ. 2022ರ ಬೇಸಗೆಯಲ್ಲಿ ಆ ಕ್ಯಾಮರಾದ ಷಟರ್ ನಿಂತುಹೋಯಿತು. ರಿಪೇರಿಯ ಖರ್ಚಿನಲ್ಲಿ ಅದರಂತಹುದೇ ಇನ್ನೊಂದು ಹಳೆಯ ಕ್ಯಾಮರಾ ಬರುತ್ತದೆಂದು ರಿಪೇರಿ ಮಾಡುವವರೇ ಹೇಳಿದರು. ಅದೇ ತಿಂಗಳು ಒಂದು ಮನೆಯಿಂದ ಕರೆ ಬಂದಿತ್ತು: ಹಳೆಯ ಮನೆಯನ್ನು ಕೆಡವಿ ಕಟ್ಟಿಸುವವರಿದ್ದಾರೆ, ಕಟ್ಟಿನಲ್ಲಿ ನೂರಕ್ಕೂ ಹೆಚ್ಚು ಗರಿಗಳಿವೆ, ಅಂಚುಗಳನ್ನು ಹುಳು ತಿನ್ನುತ್ತಿದೆ, ಬೇಗ ಬರಬೇಕು.

ಮನೆಯಲ್ಲಿ ಸಲಹೆಗಳಿಗೆ ಬರವಿರಲಿಲ್ಲ. ಮೊಬೈಲಿನಲ್ಲಿಯೇ ತೆಗೆಯಬಾರದೇಕೆ ಎಂದು ಕಿರಿಯರು ಕೇಳಿದರು. ಮದುವೆ ಮುಂಜಾವಿನ ಚಿತ್ರಗಳಿಗೆ ಮೊಬೈಲು ಧಾರಾಳವಾಗಿ ಸಾಕು. ಆ ವಿಷಯದಲ್ಲಿ ನನಗೆ ಯಾವ ಜಂಬವೂ ಇಲ್ಲ. ಆದರೆ ಮಬ್ಬು ಬೆಳಕಿನಲ್ಲಿ ಅದು ಚಿತ್ರದ ಒರಟನ್ನು ತಾನೇ ನುಣುಪು ಮಾಡುತ್ತದೆ, ಅಂಚುಗಳನ್ನು ತಾನೇ ತೀಡುತ್ತದೆ. ಮುಖಕ್ಕೆ ಅದು ಅಲಂಕಾರ. ಕಂಠದಿಂದ ಕೊರೆದು ಮಸಿ ತುಂಬಿದ, ಆ ಮಸಿಯೂ ಅರ್ಧ ಉದುರಿಹೋದ ಅಕ್ಷರಕ್ಕೆ ಅದು ಅಪಾಯ. ಒತ್ತಕ್ಷರದ ಬಾಲವೋ ಹುಳು ಕೊರೆದ ಗೆರೆಯೋ ಎಂಬುದನ್ನು ಓದುವವರು ನಿರ್ಣಯಿಸಬೇಕೇ ಹೊರತು ಯಂತ್ರ ನಿರ್ಣಯಿಸಬಾರದು.

ಇನ್ನು ಅಂಗಡಿಯವರ ಸಲಹೆ, ಹೊಸ ಕನ್ನಡಿರಹಿತ ಕ್ಯಾಮರಾ ಮತ್ತು ಅದಕ್ಕೆ ಹೊಸ ಮಸೂರಗಳ ಒಂದು ಸಂಪೂರ್ಣ ಜೋಡಣೆ. ಅದರ ಮೊತ್ತ ಕೇಳಿ ಸುಮ್ಮನಾದೆ. ಕ್ಯಾಮರಾ ಕೊಳ್ಳುವವರು ಬಹುಮಟ್ಟಿಗೆ ಕ್ಯಾಮರಾದ ಬೆಲೆಯನ್ನೇ ವಿಚಾರಿಸುತ್ತಾರೆ. ಸಂಸಾರದ ಹಣ ಕರಗುವುದು ಮಸೂರಗಳಲ್ಲಿ. ಒಂದು ಕಂಪನಿಯ ಮಸೂರ ಇನ್ನೊಂದರ ಕ್ಯಾಮರಾಕ್ಕೆ ಸುಮ್ಮನೆ ಕೂಡುವುದಿಲ್ಲವಾದ್ದರಿಂದ, ಪದ್ಧತಿ ಬದಲಿಸಿದರೆ ಎಲ್ಲವನ್ನೂ ಹೊಸದಾಗಿ ಕೊಳ್ಳಬೇಕೆಂಬ ಭಾವನೆ ಬೇರೂರಿದೆ. ಕನ್ನಡಿ ಕ್ಯಾಮರಾದ ಕಾಲಕ್ಕೆ ಅದು ಬಹುಮಟ್ಟಿಗೆ ನಿಜವೂ ಆಗಿತ್ತು. ಈಗ ಅಲ್ಲ. ಕಾರಣ ಸರಳವಾಗಿದೆ, ಆದರೂ ಅಂಗಡಿಯಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ವಿವರಿಸುತ್ತೇನೆ.

ಪ್ರತಿಯೊಂದು ಪದ್ಧತಿಯಲ್ಲಿಯೂ ಮಸೂರ ಕೂಡುವ ಲೋಹದ ಬಳೆಯಿಂದ ಒಳಗಿನ ಸಂವೇದಕದವರೆಗೆ ಒಂದು ನಿಶ್ಚಿತ ಅಂತರವಿದೆ. 1959ರಲ್ಲಿ ಬಂದ ನಿಕಾನ್ ಎಫ್ ಪದ್ಧತಿಯಲ್ಲಿ ಇದು 46.5 ಮಿಲಿಮೀಟರು. ನಡುವೆ ಕನ್ನಡಿಯೊಂದು ಮೇಲೆ ಕೆಳಗೆ ಆಡಬೇಕಾಗಿದ್ದುದರಿಂದ ಅಷ್ಟು ಸ್ಥಳ ಬೇಕಾಗಿತ್ತು. ಕನ್ನಡಿಯನ್ನೇ ತೆಗೆದುಹಾಕಿದ ಹೊಸ ಕ್ಯಾಮರಾಗಳಲ್ಲಿ ಅಂತರ ತೀರ ಕಡಿಮೆ. 2010ರಲ್ಲಿ ಬಂದ ಸೋನಿ ಇ ಪದ್ಧತಿಯಲ್ಲಿ 18, 2018ರಲ್ಲಿ ಬಂದ ಕ್ಯಾನನ್ ಆರ್‌ಎಫ್‌ನಲ್ಲಿ 20, ಅದೇ ವರ್ಷದ ನಿಕಾನ್ ಝಡ್‌ನಲ್ಲಿ 16 ಮಿಲಿಮೀಟರು. ಆದ್ದರಿಂದ ಹಳೆಯ ನಿಕಾನ್ ಮಸೂರವನ್ನು ಸೋನಿ ಕ್ಯಾಮರಾದ ಮೇಲೆ 28.5 ಮಿಲಿಮೀಟರು ಮುಂದಕ್ಕೆ ನಿಲ್ಲಿಸಿದರೆ, ತಾನು ಹುಟ್ಟಿದ ಮನೆಯಲ್ಲಿ ಎಷ್ಟು ದೂರದಲ್ಲಿತ್ತೋ ಅಷ್ಟೇ ದೂರದಲ್ಲಿ ಅದು ಇರುತ್ತದೆ. ಈ 28.5 ಮಿಲಿಮೀಟರನ್ನು ತುಂಬಲು ಬೇಕಾದುದು ಒಂದು ಲೋಹದ ಉಂಗುರ. ಅದರೊಳಗೆ ಗಾಜಿಲ್ಲ, ತಂತಿಯಿಲ್ಲ. ನಮ್ಮವರ ಮಾತಿನಲ್ಲಿ ಹೇಳುವುದಾದರೆ ಅದರೊಳಗೆ ಇರುವುದು ಬಯಲು. ಗಾಜಿಲ್ಲದ ಕಾರಣ ಚಿತ್ರದ ಗುಣ ಕೆಡುವುದಿಲ್ಲ, ಬೆಲೆಯೂ ಅಲ್ಪ.

ಇದರ ವಿರುದ್ಧ ದಿಕ್ಕಿನಲ್ಲಿ ಲೆಕ್ಕ ಕೂಡುವುದಿಲ್ಲ. ನನ್ನ ಸ್ನೇಹಿತರ ಮನೆಯಲ್ಲಿ ತಂದೆಯವರ ಕಾಲದ ಕ್ಯಾನನ್ ಎಫ್‌ಡಿ ಮಸೂರವೊಂದಿತ್ತು. ಅದರ ಅಂತರ 42 ಮಿಲಿಮೀಟರು. 1987ರಲ್ಲಿ ಕ್ಯಾನನ್‌ನವರು 44 ಮಿಲಿಮೀಟರಿನ ಇಎಫ್ ಪದ್ಧತಿಗೆ ಹೋದಾಗ, ಅದೇ ಕಂಪನಿಯ ಹೊಸ ಕ್ಯಾಮರಾಕ್ಕೂ ಅದು ಸಲ್ಲದಾಯಿತು. ಮೂವತ್ತು ವರ್ಷ ಬೀರುವಿನಲ್ಲಿ ಮಲಗಿದ್ದ ಆ ಮಸೂರ ಇಂದು 24 ಮಿಲಿಮೀಟರಿನ ಉಂಗುರದೊಡನೆ ಸೋನಿಯ ಮೇಲೆ ಚೆನ್ನಾಗಿ ಕೆಲಸ ಮಾಡುತ್ತಿದೆ. ಓದುಗರು ಒಮ್ಮೆ ತಮ್ಮ ಮನೆಯ ಬೀರುಗಳನ್ನೂ ನೋಡಿಕೊಳ್ಳುವುದು ಒಳ್ಳೆಯದು.

ಬರಿಯ ಉಂಗುರಕ್ಕೆ ಎರಡು ಮಿತಿಗಳಿವೆ. ಸ್ವಯಂಚಾಲಿತ ಫೋಕಸ್ ಇರುವುದಿಲ್ಲ, ಕೈಯಿಂದಲೇ ತಿರುಗಿಸಬೇಕು. ಎರಡನೆಯದಾಗಿ, ದ್ಯುತಿರಂಧ್ರವನ್ನು ಹಿರಿದು ಕಿರಿದು ಮಾಡುವ ಬಳೆ ಮಸೂರದ ಮೇಲೆಯೇ ಇರಬೇಕು. ನಿಕಾನ್‌ನ ‘ಜಿ’ ಗುರುತಿನ ಮಸೂರಗಳಲ್ಲಿ ಈ ಬಳೆ ಇಲ್ಲ. ನನ್ನ 18-105 ಅಂಥದೇ. ಸಾಲದುದಕ್ಕೆ ಅದು ಚಿಕ್ಕ ಸಂವೇದಕಕ್ಕಾಗಿ ಮಾಡಿದುದಾದ್ದರಿಂದ ದೊಡ್ಡ ಸಂವೇದಕದ ಮೂಲೆಗಳನ್ನು ಕಪ್ಪಾಗಿಸುತ್ತದೆ. ಅದನ್ನು ಕಲಿಯುವ ಹುಡುಗನೊಬ್ಬನಿಗೆ ಕೊಟ್ಟುಬಿಟ್ಟೆ. ಹಿಂದೆ ಕಡಿಮೆ ಬೆಲೆಯದೆಂದು ಜನ ಉದಾಸೀನ ಮಾಡುತ್ತಿದ್ದ 50 ಮಿಲಿಮೀಟರಿನ ಡಿ ಮಸೂರಕ್ಕೆ ಬಳೆಯಿದೆ, ಅದು ಉಳಿಯಿತು.

ಉಳಿಯುವ ಮಸೂರವನ್ನು ನಿಶ್ಚಯಿಸಿಕೊಂಡ ಬಳಿಕವೇ ಕ್ಯಾಮರಾ ಹುಡುಕಿದೆ. ನನ್ನ ಮಟ್ಟಿಗೆ ಇದೇ ಸರಿಯಾದ ಕ್ರಮ. 2014ರಲ್ಲಿ ಬಂದ ಸೋನಿ ಆಲ್ಫಾ 7 ಮಾರ್ಕ್ 2 ಕ್ಯಾಮರಾ ಬಳಸಿದ ಸ್ಥಿತಿಯಲ್ಲಿ, 28-70 ಮಿಲಿಮೀಟರಿನ ಸಾಮಾನ್ಯ ಜೂಮ್ ಸಹಿತ, ನಾನು ಕೂಡಿಟ್ಟ ಹಣದೊಳಗೆ ದೊರೆಯಿತು. ಹೊಸ ಮಾದರಿಗಳಿಗೆ ಹೋಲಿಸಿದರೆ ಇದು ಮಂದ. ಬ್ಯಾಟರಿಯೂ ಬೇಗ ಮುಗಿಯುತ್ತದೆ. ಆದರೆ ತಾಡೋಲೆ ಎಲ್ಲಿಗೂ ಓಡಿಹೋಗುವುದಿಲ್ಲವಷ್ಟೆ. ಇದರಲ್ಲಿ ಸಂವೇದಕವೇ ಅಲುಗಿ ಕೈನಡುಕವನ್ನು ಸರಿದೂಗಿಸುವ ವ್ಯವಸ್ಥೆಯಿರುವುದರಿಂದ ಹಳೆಯ ಮಸೂರಕ್ಕೂ ಆ ಸೌಲಭ್ಯ ಲಭಿಸುತ್ತದೆ. ಒಂದೇ ವಿಧಿ: ಯಾವ ಮಸೂರ ಹಾಕಿದ್ದೇವೆಂಬುದನ್ನು ಪಟ್ಟಿಯೊಳಗೆ ಹೋಗಿ 50 ಎಂದೋ 55 ಎಂದೋ ನಾವೇ ತಿಳಿಸಬೇಕು. ‘ಮಸೂರವಿಲ್ಲದೆಯೂ ಷಟರ್ ಬಿಡು’ ಎಂಬ ಆಯ್ಕೆಯನ್ನೂ ತೆರೆದಿಡಬೇಕು. ಉಂಗುರದ ಮುಂದಿನ ಮಸೂರ ಅದರ ಅರಿವಿಗೆ ಬರುವುದೇ ಇಲ್ಲ.

ಇಡೀ ಗರಿಯ ಚಿತ್ರಕ್ಕೆ 50 ಮಿಲಿಮೀಟರಿನ ಮಸೂರವೇ ಸಾಕಾಗಿತ್ತೆಂಬುದನ್ನು ಮುಚ್ಚಿಡಬಾರದು. ಆದರೆ ಸಾಮಾನ್ಯ ಮಸೂರಗಳು ಹತ್ತಿರದ ಚಪ್ಪಟೆ ವಸ್ತುವನ್ನು ಹಿಡಿಯುವಾಗ ನಡುವಿನ ಸ್ಪಷ್ಟತೆಯನ್ನು ಮೂಲೆಗಳಿಗೆ ಕೊಡುವುದಿಲ್ಲ. ಗರಿಗಳು ಹಾಳಾಗುವುದು ಅಂಚಿನಿಂದಲೇ. ಹರಿದ ಅಂಚಿನ ಮೂರು ಅಕ್ಷರಗಳಿಗಾಗಿ ತೀರ ಹತ್ತಿರ ಹೋಗಬೇಕಾದಾಗ ಅದು ಕೈಬಿಡುತ್ತದೆ. ಇದಕ್ಕೆಂದು ನಾನು ಕೊಂಡ ಒಂದೇ ಮಸೂರ, 55 ಮಿಲಿಮೀಟರಿನ ಎಫ್/2.8 ಮೈಕ್ರೊ ನಿಕ್ಕರ್. 1980ರ ಸುಮಾರಿಗೆ ಬಂದ, ಪೂರ್ತಿ ಕೈಯಿಂದ ನಡೆಸುವ ಮಸೂರ.

ಈ ಮಸೂರದ ವಂಶದ ಕಥೆ ನಮ್ಮ ಕೆಲಸಕ್ಕೆ ಎಷ್ಟು ಹತ್ತಿರವಾದುದೆಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ಇದರ ಹಿರಿಯಣ್ಣನಾದ 5 ಸೆಂಟಿಮೀಟರಿನ ಎಫ್/3.5 ಮಸೂರ 1956ರಲ್ಲಿ ಜಪಾನಿನಲ್ಲಿ ಸಿದ್ಧವಾಯಿತು. ಗ್ರಂಥಗಳನ್ನು ಮೈಕ್ರೊಫಿಲ್ಮಿಗೆ ಇಳಿಸುವ ಕಾರ್ಯ ಆಗ ನಡೆದಿತ್ತು. ರೋಮನ್ ಅಕ್ಷರಗಳಿಗೆ ಸಾಲುತ್ತಿದ್ದ ಮಸೂರಗಳು, ಹತ್ತಾರು ಗೆರೆಗಳು ಒತ್ತಾಗಿ ಕೂಡಿದ ಜಪಾನೀ ಚಿತ್ರಲಿಪಿಯನ್ನು ಬಿಡಿಬಿಡಿಯಾಗಿ ತೋರಿಸಲಾರದೆ ಹೋದವು. ತಮ್ಮ ಲಿಪಿ ಮಸುಕಾಗಬಾರದೆಂದು ಅವರು ಹೊಸ ಮಸೂರವನ್ನೇ ರೂಪಿಸಿದರು. ಹೂವು ಕೀಟಗಳ ಚಿತ್ರಕ್ಕೆಂದು ಜನ ಇಂದು ಕೊಳ್ಳುವ ಮಸೂರದ ಮೂಲ ಹೀಗೆ ಅಕ್ಷರದಲ್ಲಿದೆ. ಒತ್ತಿನ ಕೆಳಗೆ ಒತ್ತು ಬರುವ ನಮ್ಮ ಲಿಪಿಗೂ ಅದು ಒಗ್ಗಿತು.

ಹಳೆಯ ಮಸೂರ ಕೊಳ್ಳುವಾಗ ಆತುರ ಸಲ್ಲದು. ಈ 55ರ ಪ್ರಸಿದ್ಧ ವ್ಯಾಧಿಯೆಂದರೆ ಒಳಗಿನ ಜಿಡ್ಡು ಹರಿದು ದ್ಯುತಿರಂಧ್ರದ ಎಸಳುಗಳಿಗೆ ಅಂಟುವುದು. ಬೆಂಗಳೂರಿನ ಅಂಗಡಿಯೊಂದರಲ್ಲಿ ಮೊದಲು ತೋರಿಸಿದ ಮಸೂರದಲ್ಲಿ ಎಸಳುಗಳ ಮೇಲೆ ಎಣ್ಣೆ ಹೊಳೆಯುತ್ತಿತ್ತು, ಬೇಡವೆಂದೆ. ಎರಡು ತಿಂಗಳ ಮೇಲೆ ಇನ್ನೊಂದು ಸಿಕ್ಕಿತು. ಇನ್ನೊಂದು ಶತ್ರು ಬೂಷ್ಟು. ಮಲೆನಾಡು, ಕರಾವಳಿಗಳಲ್ಲಿದ್ದ ಮಸೂರವಾದರೆ ಇದನ್ನು ವಿಶೇಷವಾಗಿ ನೋಡಬೇಕು. ಹಿಂಬದಿಯಿಂದ ಬ್ಯಾಟರಿಯ ಬೆಳಕು ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿದರೆ, ಜೇಡರ ಬಲೆಯಂತೆ ಕವಲೊಡೆದ ಎಳೆಗಳು ಕಾಣುತ್ತವೆ. ಒಂದಿಷ್ಟು ಧೂಳಿಗೆ ಹೆದರಬೇಕಾಗಿಲ್ಲ, ಈ ಎಳೆಗಳಿದ್ದರೆ ಎಷ್ಟು ಅಗ್ಗವಾದರೂ ಬಿಟ್ಟುಬಿಡಬೇಕು.

28 ಮಿಲಿಮೀಟರಿನ ಹಳೆಯ ನಿಕಾನ್ ಮಸೂರವೊಂದರ ಮೇಲೆ ನನಗೆ ಬಹಳ ಮನಸ್ಸಿತ್ತು. ಜಾತ್ರೆಯ ದಿನ ದಾಸೋಹದ ಪಂಕ್ತಿಯನ್ನು ಒಂದೇ ಚಿತ್ರದಲ್ಲಿ ಹಿಡಿಯಬಹುದಿತ್ತು. ಕ್ಯಾಮರಾದೊಡನೆ ಬಂದ 28-70ರಲ್ಲಿಯೂ 28 ಇದ್ದೇ ಇದೆಯಲ್ಲ ಎಂದು ಮನೆಯಾಕೆ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆ ಜೂಮನ್ನು ತಿಳಿದವರು ಹೀಗಳೆಯುತ್ತಾರೆ. ಹಗಲಿನಲ್ಲಿ ಎಫ್/8ಕ್ಕೆ ಇಟ್ಟರೆ ನನ್ನ ಕಣ್ಣಿಗೆ ಅದರಲ್ಲಿ ಕೊರತೆ ಕಾಣಲಿಲ್ಲ. ಲಿಂಗಧಾರಣೆ, ಗೃಹಪ್ರವೇಶ, ಓಡಾಡುವ ಮೊಮ್ಮಕ್ಕಳು, ಇವುಗಳಿಗೆ ಸ್ವಯಂಚಾಲಿತ ಫೋಕಸ್ ಬೇಕೇ ಬೇಕು. ಅಲ್ಲಿ ಅದನ್ನೇ ಬಳಸುತ್ತೇನೆ. ಮದುವೆಗಳ ಚಿತ್ರ ತೆಗೆದು ಜೀವನ ನಡೆಸುವ ತರುಣರು ನನ್ನ ಮಾರ್ಗ ಹಿಡಿಯಬೇಕೆಂದು ನಾನು ಹೇಳಲಾರೆ. ಮಾಂಗಲ್ಯ ಕಟ್ಟುವ ಕ್ಷಣ ಬಳೆ ತಿರುಗಿಸುವವರೆಗೆ ಕಾಯುವುದಿಲ್ಲ.

ಕೆಡವಲಿದ್ದ ಆ ಮನೆಯಲ್ಲಿ ಒಂದಲ್ಲ, ಮೂರು ಅರ್ಧ ದಿನಗಳು ಹಿಡಿದವು. ತ್ರಿಪಾದಿಯ ಅಡ್ಡ ತೋಳಿಗೆ ಕ್ಯಾಮರಾ ಕಟ್ಟಿ, ಗರಿಯಿಂದ ಮುಕ್ಕಾಲು ಮೀಟರು ಎತ್ತರದಲ್ಲಿ ಕೆಳಮುಖವಾಗಿ ನಿಲ್ಲಿಸಿದೆ. ಸುಮಾರು 45 ಸೆಂಟಿಮೀಟರು ಉದ್ದದ ಗರಿ ಚೌಕಟ್ಟಿನ ಅಗಲಕ್ಕೆ ಸರಿಯಾಗಿ ಕೂಡಿತು. ಸಂವೇದಕದ ಅಗಲದಲ್ಲಿ 6000 ಬಿಂದುಗಳಿರುವುದರಿಂದ ಗರಿಯ ಒಂದೊಂದು ಮಿಲಿಮೀಟರಿಗೆ 13 ಬಿಂದುಗಳು ದೊರೆತವು. ಡಿ90ಯಲ್ಲಿ ಒಂಬತ್ತೂವರೆ ದೊರೆಯುತ್ತಿದ್ದವು. ತೀರ ಸವೆದವುಗಳನ್ನು ಎರಡು ಭಾಗ ಮಾಡಿ ತೆಗೆದೆ. ಫ್ಲಾಷ್ ಬಳಸಲಿಲ್ಲ. ಕಿಟಕಿಯ ಬೆಳಕು ಮೇಲಿನಿಂದ ಬೀಳದೆ ಒಂದು ಪಕ್ಕದಿಂದ ಗರಿಯನ್ನು ಸವರಿಕೊಂಡು ಹೋಗುವಂತೆ ಹಲಗೆಯನ್ನು ತಿರುಗಿಸಿದಾಗ, ಮಸಿ ಉದುರಿದ ಕಡೆಯಲ್ಲಿ ಕೊರೆದ ಗೀರುಗಳ ಒಳಗೆ ನೆರಳು ನಿಂತು ಅಕ್ಷರಗಳು ಎದ್ದು ಬಂದವು.

ಅವುಗಳನ್ನು ಓದಿದವರು ಎಂಬತ್ತು ದಾಟಿದ ನಿವೃತ್ತ ಪಂಡಿತರು. ಗರಿಯ ಮೇಲೆ ಬಗ್ಗಿ ಓದುವ ಕಣ್ಣು ಅವರಿಗೆ ಈಗ ಇಲ್ಲ. ಮೊಮ್ಮಗಳು ಗಣಕದ ಪರದೆಯ ಮೇಲೆ ಅಕ್ಷರಗಳನ್ನು ಹಿಗ್ಗಿಸಿ ತೋರಿಸಿದಳು, ಅವರು ಹೇಳುತ್ತ ಹೋದರು, ಅವಳು ಬರೆದುಕೊಂಡಳು. ಹೆಚ್ಚಿನದು ಈಗಾಗಲೇ ಅಚ್ಚಾಗಿರುವ ಪುರಾಣದ ಭಾಗವೇ ಆಗಿತ್ತು. ಕೊನೆಯ ನಾಲ್ಕು ಗರಿಗಳಲ್ಲಿ ಮಾತ್ರ ಪ್ರತಿ ಮಾಡಿದವರ ಹೆಸರು, ಅವರ ತಂದೆಯ ಹೆಸರು, ಬರೆದು ಮುಗಿಸಿದ ಸಂವತ್ಸರ ಮತ್ತು ತಿಥಿ ಇದ್ದವು. ಆ ಮನೆಯವರಿಗೆ ತಮ್ಮ ವಂಶದಲ್ಲಿ ಆ ಹೆಸರಿನವರಿದ್ದರೆಂಬುದೇ ತಿಳಿದಿರಲಿಲ್ಲ. ಆ ನಾಲ್ಕರಲ್ಲಿ ಒಂದು ಗರಿಯನ್ನು ಮರಳಿ ವಸ್ತ್ರದಲ್ಲಿ ಕಟ್ಟುವಾಗ, ಎಷ್ಟು ಜೋಪಾನ ಮಾಡಿದರೂ, ಅದರ ಬಲದ ಅಂಚು ಮುರಿಯಿತು. ತಿಥಿಯಿದ್ದುದು ಆ ಅಂಚಿನಲ್ಲಿಯೇ.

ಮಸೂರವನ್ನು ಸಿಲಿಕಾ ಜೆಲ್ಲಿನ ಪೊಟ್ಟಣಗಳೊಡನೆ ಮುಚ್ಚಳದ ಡಬ್ಬಿಯಲ್ಲಿಟ್ಟಿದ್ದೇನೆ. ಇನ್ನೊಂದು ಮನೆಯವರು, ಶ್ರಾವಣದ ಪೂಜೆ ಮುಗಿಯುವವರೆಗೆ ಕಟ್ಟನ್ನು ಜಗುಲಿಯಿಂದ ಇಳಿಸುವುದಿಲ್ಲ, ಆಮೇಲೆ ಬನ್ನಿ ಎಂದು ಹೇಳಿ ಕಳುಹಿಸಿದ್ದಾರೆ.