ಆಕಿ ಯಾರನ್ನ ಕರದ್ಲು?

ವಾಗ್ಳೆ ಎಸ್ಟೇಟಿನ ಒಂದು ಕಚೇರಿಯಿಂದ ಕಳೆದ ತಿಂಗಳು ಪದಪಟ್ಟಿಯ ಕೆಲಸ ಬಂತು. ದೊಡ್ಡದೊಂದು ಕಥಾಸರಣಿ, ಸಿನಿಮಾ, ಗೇಮ್, ಕಾಮಿಕ್ಸ್ ಎಲ್ಲ ಸೇರಿದ್ದು. ಪಾತ್ರಗಳ ಹೆಸರು, ಆಯುಧಗಳ ಹೆಸರು ಎರಡು ದಿನದಲ್ಲಿ ಮುಗಿದವು. ಉಳಿದದ್ದು ಒಂದೇ ಸಾಲು: ಕ್ಯಾನನ್. ಸರಣಿಯೊಳಗೆ ಯಾವ ಕಥೆ ‘ನಿಜವಾಗಿ ನಡೆದದ್ದು’, ಯಾವುದು ಲೆಕ್ಕಕ್ಕಿಲ್ಲ ಎಂದು ಹೇಳುವ ಪದ. ಹಾಗೇ ಕನ್ನಡದಲ್ಲಿ ಬರೆದರೆ ಓದುವವರು ಕ್ಯಾಮೆರಾ ಅಂದುಕೊಳ್ಳುತ್ತಾರೆ.

ಈ ಲೆಕ್ಕದ ಪ್ರಸಿದ್ಧ ಉದಾಹರಣೆ ಸ್ಟಾರ್ ವಾರ್ಸ್. ಲೂಕಾಸ್‌ಫಿಲ್ಮ್‌ನವರು ಕಥೆಗಳಿಗೆ ದರ್ಜೆ ಹಚ್ಚಿದ್ದರು: ಜಾರ್ಜ್ ಲೂಕಾಸ್‌ನ ಸಿನಿಮಾ ಎಲ್ಲಕ್ಕಿಂತ ಮೇಲೆ, ಕಾದಂಬರಿ, ಕಾಮಿಕ್ಸ್ ಕೆಳಗೆ. 2012ರಲ್ಲಿ ಡಿಸ್ನಿ ಆ ಕಂಪನಿಯನ್ನು ಕೊಂಡಿತು. 2014ರ ಏಪ್ರಿಲಿನಲ್ಲಿ ಹಳೆಯ ಕಾದಂಬರಿಗಳನ್ನೆಲ್ಲ ‘ಲೆಜೆಂಡ್ಸ್’ ಎಂಬ ಹಣೆಪಟ್ಟಿ ಕೊಟ್ಟು ಪಕ್ಕಕ್ಕಿಟ್ಟರು. 1999ರ ಒಂದು ಕಾದಂಬರಿಯಲ್ಲಿ ಸತ್ತಿದ್ದ ಚ್ಯೂಬಾಕಾ ಒಂದು ಪ್ರಕಟಣೆಯಿಂದ ಬದುಕಿಬಿಟ್ಟ.

ಲೆಕ್ಕಕ್ಕಿಲ್ಲದ ಕಥೆಗೆ ನಾನು ಮೊದಲು ಬರೆದ ಪದ ‘ಪ್ರಕ್ಷಿಪ್ತ’. ಭಾಷಾಶಾಸ್ತ್ರ ಓದಿದವಳಿಗೆ ಅದು ಸಲೀಸಾಗಿ ಬಂತು. ಪುಣೆಯ ಭಂಡಾರ್ಕರ್ ಸಂಸ್ಥೆಯಲ್ಲಿ 1919ರಿಂದ 1966ರವರೆಗೆ ನಡೆದ ಮಹಾಭಾರತ ಸಂಪಾದನೆಯ ನೆನಪೂ ಆಯಿತು. ಸಾವಿರಕ್ಕೂ ಹೆಚ್ಚು ಹಸ್ತಪ್ರತಿಗಳನ್ನು ಹೋಲಿಸಿ, ಸಿಕ್ಕಷ್ಟರಲ್ಲಿ ಹಳೆಯದೆನ್ನಬಹುದಾದ ಪಾಠವನ್ನು ಅವರು ಕಟ್ಟಿದರು. ವ್ಯಾಸರು ಹೇಳಿ ಗಣಪತಿ ಬರೆದ ಕಥೆ ಅನುಬಂಧಕ್ಕೆ ಹೋಯಿತು. ಸಭಾಪರ್ವವನ್ನು ಸಂಪಾದಿಸಿದ ಫ್ರಾಂಕ್ಲಿನ್ ಎಡ್ಗರ್ಟನ್, ದ್ರೌಪದಿ ಕೃಷ್ಣನನ್ನು ಕೂಗುವ ಭಾಗವನ್ನು ಪಠ್ಯದಿಂದ ತೆಗೆದ. ಸೀರೆಗಳು ಬರುತ್ತವೆ, ಒಂದರ ಹಿಂದೊಂದು. ಕೊಟ್ಟವರು ಯಾರೆಂದು ಪಠ್ಯ ಹೇಳುವುದಿಲ್ಲ.

ಚಹಾ ಕುಡಿಯುತ್ತ ಇದನ್ನು ಅವ್ವನಿಗೆ ಹೇಳಿದೆ. ಹೇಳಬಾರದಿತ್ತೇನೋ.

“ಹಂಗಾರ ಆಕಿ ಯಾರನ್ನ ಕರದ್ಲು?”

“ಯಾರನ್ನೂ ಇಲ್ಲವ್ವ.”

“ಗಂಡಂದಿರು ಐದೂ ಮಂದಿ ತಲಿ ತಗ್ಗಿಸಿ ಕುಂತಾರ. ಆಕಿ ಸುಮ್ನ ನಿಂತಳಂತ?”

ನಮ್ಮದು ಗದಗಿನ ಕಡೆ. ಕುಮಾರವ್ಯಾಸ ನಮ್ಮೂರವನೇ ಎಂಬ ಸಲಿಗೆ ಅವ್ವನಿಗೆ. ಅಪ್ಪನ ಕಾರ್ಖಾನೆ ಮುಚ್ಚಿದ ವರ್ಷ, ಮನೆಯಲ್ಲಿ ಏನೂ ಸರಿಯಿಲ್ಲದಾಗ, ಅವ್ವ ಸಂಜೆ ದೀಪ ಹಚ್ಚಿ ದ್ರೌಪದಿ ಕೃಷ್ಣನಿಗೆ ಮೊರೆಯಿಡುವ ಭಾಗವನ್ನೇ ರಾಗವಾಗಿ ಓದುತ್ತಿದ್ದಳು. ಅಪ್ಪ ಗೋಡೆಗೆ ಒರಗಿ ಕೇಳುತ್ತಿದ್ದ. ಆ ಶೆಡ್ಡಿನ ಜಾಗದಲ್ಲಿ ಈಗ ಗಾಜಿನ ಕಟ್ಟಡವಿದೆ. ನನಗೆ ಪದಪಟ್ಟಿ ಕಳಿಸಿದ ಕಚೇರಿ ಅಲ್ಲಿಂದ ಎರಡು ಗೇಟು ಆಚೆ.

ಅವ್ವನಿಗೆ ಕೊಡಲು ನನ್ನ ಬಳಿ ಒಂದು ಉತ್ತರವಿತ್ತು: ಪುಣೆಯವರು ಏನನ್ನೂ ಎಸೆದಿಲ್ಲ. ತೆಗೆದ ಸಾಲುಗಳೆಲ್ಲ ನಕ್ಷತ್ರ ಚಿಹ್ನೆ, ಸಂಖ್ಯೆ ಸಮೇತ ಪುಟದ ಕೆಳಗೆ ಅಥವಾ ಅನುಬಂಧದಲ್ಲಿ ಇವೆ. ಅವರು ಕೇಳಿದ್ದು ಯಾವುದು ಹಳೆಯದು ಎಂದು ಮಾತ್ರ. ಕನ್ನಡದ ಕವಿಗಳು ಅದನ್ನು ಕೇಳಿಕೊಂಡೇ ಇಲ್ಲ. ಪಂಪನ ದ್ರೌಪದಿಗೆ ಅರ್ಜುನನೊಬ್ಬನೇ ಗಂಡ, ಕೊನೆಗೆ ಪಟ್ಟವೂ ಅರ್ಜುನನಿಗೇ, ಏಕೆಂದರೆ ಅರ್ಜುನನೊಳಗೆ ಅವನ ದೊರೆ ಅರಿಕೇಸರಿ ಕೂತಿದ್ದ. (ಡಿಸ್ನಿಗಿಂತ ಸಾವಿರ ವರ್ಷ ಮೊದಲು!) ಕುಮಾರವ್ಯಾಸ ತಾನು ಹೇಳುವುದೇ ಕೃಷ್ಣನ ಕಥೆ ಎಂದು ಮೊದಲೇ ಸಾರಿದವನು, ಅವನಲ್ಲಿ ಆ ಮೊರೆಯನ್ನು ತೆಗೆದರೆ ಉಳಿಯುವುದೇನು?

ಇಷ್ಟನ್ನೂ ಅವ್ವನಿಗೆ ಹೇಳಿದೆ. ಆಕೆ ಕಪ್ಪು ತೊಳೆಯಲು ಎದ್ದಳು.

ರಾತ್ರಿ ‘ಪ್ರಕ್ಷಿಪ್ತ’ ಅಳಿಸಿದೆ. ನಡುವೆ ಯಾರೋ ತಂದು ತುರುಕಿದ್ದು ಎಂಬ ದೂರು ಆ ಪದದಲ್ಲೇ ಇದೆ. ಕ್ಯಾನನ್‌ಗೆ ‘ಅಧಿಕೃತ’ ಎಂದು ಬರೆದೆ. ಸರ್ಕಾರಿ ಸುತ್ತೋಲೆಯ ವಾಸನೆ ಹೌದು, ಆದರೆ ಅಧಿಕಾರ ಯಾರದೋ ಕೈಯಲ್ಲಿದೆ ಎಂಬುದನ್ನು ಅದು ಮುಚ್ಚಿಡುವುದಿಲ್ಲ. ಉಳಿದವಕ್ಕೆ ‘ಇತರ ಕಥೆಗಳು’. ಕಚೇರಿಯಿಂದ ಪ್ರಶ್ನೆ ಬಂತು: ಇವು ಲೆಕ್ಕಕ್ಕಿಲ್ಲ ಎಂದು ಓದುವವರಿಗೆ ಸ್ಪಷ್ಟವಾಗುತ್ತದೆಯೇ? ಆಗುವುದಿಲ್ಲ ಎಂದು ಉತ್ತರಿಸಿ, ಪದವನ್ನು ಹಾಗೇ ಬಿಟ್ಟೆ.